ಒಂದರಿಂದ ಆರಕ್ಕೆ ಏರಿ ಇಳಿಯುವ ಸಂಖ್ಯೆ

12345654321. ಇದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಕಣ್ಣಿಗೆ ಕಂಡ ಅಂದ ಕಿವಿಗೆ ಬೀಳುವುದೇ ಇಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯ ಕೋಟಿ ಲಕ್ಷಗಳ ಗೊಡವೆಗೇ ಹೋಗಲಿಲ್ಲ. ಒಂದರಿಂದ ಶುರುವಾಗಿ ಆರರವರೆಗೆ ಏರಿ, ಮತ್ತೆ ಕ್ರಮವಾಗಿ ಇಳಿಯುವುದು ಎಂದು ಸಂಖ್ಯೆಯ ಆಕಾರವನ್ನೇ ಅದಕ್ಕೆ ಹೆಸರಾಗಿ ಕೊಟ್ಟ. ಸ್ಥಾನಕ್ಕೊಂದು ಬೆಲೆಯಿರುವ ಬರಹ ಓದುಗರಿಗೆ ರೂಢಿಯಾಗಿರದಿದ್ದರೆ ಇಂಥ ಹೆಸರು ನಡೆಯುತ್ತಿರಲಿಲ್ಲ.

ಇಂಥ ಸಂಖ್ಯೆಗಳು ಈಗ ಪೂರ್ವಿಕರ ಪವಾಡವೆಂಬ ತಲೆಬರಹ ಹೊತ್ತು ವಾಟ್ಸ್ಆ್ಯಪ್‌ನಲ್ಲಿ ತಿರುಗುತ್ತವೆ. ಇನ್ನೊಂದು ಕಡೆ ಮೂಗು ಮುರಿಯುವವರಿದ್ದಾರೆ. 8712 ಎಂಬುದು ತನ್ನದೇ ತಿರುವುಮುರುವಾದ 2178ರ ನಾಲ್ಕು ಪಟ್ಟು. ಇದು ಪತ್ರಿಕೆಯ ಒಗಟಿನ ಅಂಕಣಕ್ಕೆ ಸರಿ, ಗಣಿತಜ್ಞನಿಗೆ ಇದರಲ್ಲಿ ಏನೂ ಇಲ್ಲ ಎಂದು ಜಿ.ಎಚ್. ಹಾರ್ಡಿ 1940ರಲ್ಲಿ ಬರೆದ. ಮಾತಿನಲ್ಲಿ ಹುರುಳಿದೆ. ಮಹಾವೀರನ ಸಂಖ್ಯೆಯನ್ನೇ ಕಂಪ್ಯೂಟರಿನ ಸೊನ್ನೆ-ಒಂದುಗಳಲ್ಲಿ ಬರೆದರೆ 34 ಅಂಕಿಗಳಾಗುತ್ತವೆ, 101 ಎಂದು ಶುರುವಾಗಿ 001 ಎಂದು ಮುಗಿಯುತ್ತವೆ. ಏರಿಳಿತ ಮಾಯ.

ಆದರೂ ಹಾರ್ಡಿಯ ತೀರ್ಪು ಇಲ್ಲಿ ಪೂರ್ತಿ ಸಲ್ಲದು. 111111 ಅನ್ನು ಅದರಿಂದಲೇ ಗುಣಿಸಿ ನೋಡಿ. ಆರು ಸಾಲು ಒಂದುಗಳು, ಪ್ರತಿ ಸಾಲೂ ಒಂದೊಂದು ಮನೆ ಎಡಕ್ಕೆ ಸರಿದು ಕೂರುತ್ತದೆ. ನಡುವಿನ ಕಂಬದಲ್ಲಿ ಆರು ಒಂದುಗಳು, ಅಕ್ಕಪಕ್ಕ ಐದೈದು, ತುದಿಯಲ್ಲಿ ಒಂದೊಂದೇ. ಎಲ್ಲೂ ದಶಕ ದಾಟುವುದಿಲ್ಲ, ಅದಕ್ಕೇ ಏರಿಳಿತ ಕೆಡುವುದಿಲ್ಲ. ಹತ್ತರ ಬದಲು ಎಂಟರ ಲೆಕ್ಕದಲ್ಲಿ ಬರೆದರೂ 111111ರ ವರ್ಗ 12345654321 ಎಂದೇ ಬರುತ್ತದೆ. ಅಲ್ಲಿನ 111111 ಮಾತ್ರ ನಮ್ಮ 37449. ಏಳು ಅಥವಾ ಅದಕ್ಕಿಂತ ದೊಡ್ಡ ಯಾವ ಆಧಾರದಲ್ಲೂ ಹೀಗೆಯೇ. ನಮ್ಮ ಬರಹದಲ್ಲಿ ಒಂಬತ್ತು ಒಂದುಗಳವರೆಗೂ ಆಟ ನಡೆಯುತ್ತದೆ. ಹತ್ತನೆಯದು ಸೇರಿದೊಡನೆ ದಶಕ ಹೊರಳಿ 1234567900987654321 ಆಗಿ ಮಾಲೆ ಹರಿಯುತ್ತದೆ.

ಯಾವ ಲಿಪಿಗೂ ಯಾವ ಆಧಾರಕ್ಕೂ ಜಗ್ಗದ ಗುಣವೂ ಇದಕ್ಕಿದೆ. 111111 ಎಂದರೆ 111 ಗುಣಿಸು 1001. ಮೊದಲನೆಯದು 3 ಮತ್ತು 37ರ ಗುಣಲಬ್ಧ, ಎರಡನೆಯದು 7, 11, 13ರದ್ದು. ಹಾಗಾಗಿ ಅದರ ವರ್ಗವನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಸರಿಯಾಗಿ 243.

ಪವಾಡವೆಂದು ಹಂಚುವವರು ಬಿಟ್ಟುಬಿಡುವುದು ಈ ಭಾಗವನ್ನೇ. ಮಹಾವೀರನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಅವನ ಗುಣಾಕಾರದ ಇನ್ನೊಂದು ಉದಾಹರಣೆ: 152207 ಅನ್ನು 73ರಿಂದ ಗುಣಿಸಿದರೆ 11111111. ಇದು ಕುರುಡು ಅದೃಷ್ಟದಿಂದ ಸಿಗುವಂಥದ್ದಲ್ಲ. ಎಂಟು ಒಂದುಗಳೆಂದರೆ 1111 ಗುಣಿಸು 10001. ಆ 10001 ಒಡೆಯುವುದು 73 ಮತ್ತು 137 ಆಗಿ. ಉಳಿದ 1111 ಮತ್ತು 137 ಸೇರಿದರೆ 152207. ಪೆನ್ಸಿಲ್ ಹಿಡಿದ ಏಳನೆಯ ತರಗತಿಯ ಹುಡುಗಿ ಹತ್ತು ನಿಮಿಷದಲ್ಲಿ ಇದನ್ನು ತಾಳೆ ನೋಡಬಲ್ಲಳು.