ಮುಚ್ಚಿ ತೆಗೆದರೆ ವೈಫೈ ಇಲ್ಲ

ಲಕ್ಕುಂಡಿಯಲ್ಲಿ ಕಾಶಿವಿಶ್ವನಾಥ ಗುಡಿಗೆ ಹೋಗೋ ದಾರಿಯಲ್ಲಿ ನಮ್ಮ ಕಾಕಾನ ಅಂಗಡಿ ಇದೆ. ಝೆರಾಕ್ಸ್, ಪಹಣಿ, ಆಧಾರ್ ಪ್ರಿಂಟ್. ಮುಂಗಾರು ಬಂತೆಂದರೆ ಬೆಳೆ ವಿಮೆ ಅರ್ಜಿ. ಅಲ್ಲಿರುವ ಲ್ಯಾಪ್‌ಟಾಪ್ ನಾನು ಕೊಡಿಸಿದ್ದು. ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಎರಡು ತಗೊಂಡಿದ್ದೆ, ಒಂದೇ ಮಾಡೆಲ್‌ನವು. ಒಂದು ಕಾಕಾಗೆ, ಒಂದು ನನಗೆ. ಎರಡಕ್ಕೂ ಲಿನಕ್ಸ್ ಹಾಕಿದೆ.

ಕರೆಂಟ್ ಹೋದ ಕೂಡಲೇ ಕಾಕಾ ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಾರೆ, ಬ್ಯಾಟರಿ ಉಳಿಯಲಿ ಅಂತ. ಗಿರಾಕಿ ಬಂದರೆ ತೆಗೆಯುತ್ತಾರೆ. ದಿನಕ್ಕೆ ಇಪ್ಪತ್ತು ಸಲವಾದರೂ ಹೀಗೆ ಮುಚ್ಚಿ ತೆಗೆಯುವುದು ನಡೆದೇ ಇರುತ್ತದೆ. ಹೋದ ವರ್ಷ ನನ್ನ ನಿದ್ದೆ ಕೆಡಿಸಿದ್ದು ಅದೇ.

ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಹೊಟ್ಟೆಯೊಳಗೂ ಲಿನಕ್ಸ್ ಕರ್ನಲ್ಲೇ ಕೂತಿದೆ. ಯಂತ್ರಕ್ಕೂ ಉಳಿದ ಸಾಫ್ಟ್‌ವೇರ್‌ಗೂ ನಡುವೆ ನಿಂತು ಮೆಮೊರಿ, ಪರದೆ, ವೈಫೈ ಎಲ್ಲವನ್ನೂ ಹಂಚಿಕೊಡುವ ಮೂಲ ಭಾಗ ಅದು. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ಓದುತ್ತಿದ್ದಾಗ ಶುರುಮಾಡಿದ್ದು. ಈಗ ಒಂಬತ್ತು-ಹತ್ತು ವಾರಕ್ಕೊಂದು ಹೊಸ ಆವೃತ್ತಿ ಬರುತ್ತದೆ. ಮೊದಲ ಎರಡು ವಾರ ಬಾಗಿಲು ತೆರೆದಿರುತ್ತದೆ. ಜಗತ್ತಿನ ಎಲ್ಲ ಮೂಲೆಯಿಂದ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆ ಒಳಗೆ ಬರುತ್ತವೆ. ಆಮೇಲೆ ಬಾಗಿಲು ಹಾಕಿ ಆರ್‌ಸಿ1 ಎಂಬ ಪ್ರಯೋಗದ ಪ್ರತಿ ಹೊರಬೀಳುತ್ತದೆ. ಮುಂದೆ ಭಾನುವಾರಕ್ಕೊಂದರಂತೆ ಆರ್‌ಸಿ7 ತನಕ, ಸಂಶಯ ಇದ್ದರೆ 8ರ ತನಕ, ತಪ್ಪು ತಿದ್ದುವ ಕೆಲಸ ಮಾತ್ರ. “ಆರ್‌ಸಿ ಅಂದ್ರ ಗಾಡೀದೇನು?” ಅಂತ ಕಾಕಾ ಕೇಳಿದ್ದರು.

ಅಲ್ಲೊಂದು ನಿಯಮವಿದೆ: ನಿನ್ನೆ ಸರಿಯಾಗಿ ನಡೆದದ್ದು ಹೊಸ ಕರ್ನಲ್‌ನಲ್ಲಿ ಕೆಡಬಾರದು. ಹಾಗೆ ಕೆಟ್ಟರೆ ಅದನ್ನು ರಿಗ್ರೆಶನ್ ಅನ್ನುತ್ತಾರೆ. ಬಳಸುವವರದು ತಪ್ಪು ಅಂತ ಜಾರಿಕೊಳ್ಳುವ ಹಾಗಿಲ್ಲ, ತಿದ್ದಬೇಕು ಇಲ್ಲವೇ ಬದಲಾವಣೆಯನ್ನೇ ವಾಪಸ್ ತಗೋಬೇಕು. ಆದರೆ ತಪ್ಪು ತಿದ್ದಬೇಕೆಂದರೆ ಮೊದಲು ಅದು ಯಾರದ್ದಾದರೂ ನೆನಪಿನಲ್ಲಿ ಇರಬೇಕಲ್ಲ. ಸಾವಿರಾರು ಇಮೇಲ್‌ಗಳ ನಡುವೆ ‘ನನ್ನ ಮಷಿನ್ ಏಳುತ್ತಿಲ್ಲ’ ಅನ್ನೋ ಒಂದು ಪತ್ರ ಮುಳುಗಿಹೋಗಲು ಎರಡು ದಿನ ಸಾಕು.

ಅದಕ್ಕೇ ಯಾರೋ ಒಬ್ಬರು ಪಟ್ಟಿ ಇಡಬೇಕಾಯಿತು. 2.6 ಸರಣಿಯ ಕಾಲದಲ್ಲಿ ಏಡ್ರಿಯನ್ ಬಂಕ್ ಎಂಬುವರು ಪ್ರತಿ ಬಿಡುಗಡೆಗೆ ಮುಂಚೆ ಇನ್ನೂ ಬಗೆಹರಿಯದ ರಿಗ್ರೆಶನ್‌ಗಳನ್ನು ಬರೆದು, ಎಲ್ಲರಿಗೂ ಕಳಿಸಿ, ಬೆನ್ನು ಹತ್ತುತ್ತಿದ್ದರು. 2007ರ ಏಪ್ರಿಲ್‌ನಲ್ಲಿ 2.6.21 ಬಂದಾಗ ಪಟ್ಟಿಯಲ್ಲಿದ್ದ ಹಲವು ಹಾಗೇ ಉಳಿದಿದ್ದವು. ಗೊತ್ತಿದ್ದೂ ಬಿಡುಗಡೆ ಮಾಡುವುದಾದರೆ ಪಟ್ಟಿ ಯಾಕೆ ಅಂತ ಬೇಸತ್ತು ಅವರು ಆ ಕೆಲಸ ಬಿಟ್ಟರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಪಟ್ಟಿ ಖಾಲಿ ಆಗೋ ತನಕ ಕಾಯ್ದರೆ ಯಾವ ಕರ್ನಲ್ಲೂ ಹೊರಬರುತ್ತಿರಲಿಲ್ಲ, ಅದೂ ಖರೆ. ಮುಂದೆ ಪೋಲೆಂಡಿನ ರಾಫೆಲ್ ವಿಸೋಕಿ ವರ್ಷಗಟ್ಟಲೆ ಪಟ್ಟಿ ನೋಡಿಕೊಂಡರು. ಈಚೆಗೆ ಜರ್ಮನಿಯ ಪತ್ರಕರ್ತ ಥಾರ್ಸ್ಟೆನ್ ಲೀಮ್‌ಹುಯಿಸ್ ಅದನ್ನು ಕೈಗೆತ್ತಿಕೊಂಡು, 2021ರಲ್ಲಿ ರೆಗ್ಜ್‌ಬಾಟ್ ಎಂಬ ಪ್ರೋಗ್ರಾಂ ಮಾಡಿದರು. ದೂರು ಬಂದರೆ ಅದು ಬರೆದಿಟ್ಟುಕೊಳ್ಳುತ್ತದೆ, ತಿದ್ದುಪಡಿ ಬಂದರೆ ಹೊಡೆದುಹಾಕುತ್ತದೆ.

ನಮ್ಮೂರಿನ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಮಾಡಿಸಿ ಹಂಚಿದಳು ಅಂತ ಶಾಲೆಯಲ್ಲಿ ಓದಿದ್ದೇವೆ. ಓಲೆಗರಿಯಲ್ಲಿ ಸಾವಿರ ಪ್ರತಿ! ಲಿಪಿಕಾರರು ಬಿಟ್ಟ ಅಕ್ಷರಗಳನ್ನು ಕೂತು ನೋಡಿದವರೂ ಇದ್ದಿರಬೇಕು. ಪಟ್ಟಿ ಇಡುವವರ ಬಗ್ಗೆ ಓದುವಾಗೆಲ್ಲ ನನಗೆ ಅವರ ನೆನಪಾಗುತ್ತದೆ.

ಕಾಕಾಗೆ ಇಷ್ಟೆಲ್ಲ ಹೇಳಬೇಕಾಗಿರಲಿಲ್ಲ. “ಉದ್ರಿ ಪುಸ್ತಕ ಅನ್ನಪಾ. ಬರದಿಟ್ರ ಇವತ್ತಲ್ಲ ನಾಳೆ ಬರತೈತಿ, ಬರೀದಿದ್ರ ಹೋತು” ಅಂದರು.

ಆದರೆ ಬರೆಸಬೇಕಾದವನು ನಾನೇ ಬರೆಸಿರಲಿಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಪ್ರತಿ ಆರ್‌ಸಿ ಹಾಕಿ ನೋಡೋದು ನನ್ನ ಹವ್ಯಾಸ, ನೌಕರಿಗೆ ಸಂಬಂಧವಿಲ್ಲ. ಆ ಸಲ ಆರ್‌ಸಿ1 ಹಾಕಿದ ದಿನವೇ ಮುಚ್ಚಿ ತೆಗೆದಾಗ ವೈಫೈ ಬರಲಿಲ್ಲ. ರೀಸ್ಟಾರ್ಟ್ ಮಾಡಿದೆ, ಬಂತು. ಹಳೇ ಮಷಿನ್, ಯಾರಾದರೂ ಹೇಳಿರ್ತಾರ ಬಿಡು ಅಂತ ಸುಮ್ಮನಾದೆ. ಆರ್‌ಸಿ2, 3, 4, ಅದೇ ಕಥೆ. ಆರ್‌ಸಿ5ರ ಹೊತ್ತಿಗೆ ಹೆದರಿಕೆ ಆಯಿತು. ಪಟ್ಟಿ ತೆಗೆದು ನೋಡಿದರೆ ಇದರ ಬಗ್ಗೆ ಒಂದು ಸಾಲೂ ಇಲ್ಲ. ಇನ್ನೆರಡು ಮೂರು ವಾರಕ್ಕೆ ಬಿಡುಗಡೆ, ಆಮೇಲೆ ಕೆಲವೇ ದಿನದಲ್ಲಿ ಅಪ್‌ಡೇಟ್ ರೂಪದಲ್ಲಿ ಕಾಕಾನ ಅಂಗಡಿಗೆ. ಅದೂ ವಿಮೆ ಅರ್ಜಿಯ ದಿನಗಳಲ್ಲಿ, ಹೆಸರು ಬಿತ್ತಿದವರೆಲ್ಲ ಪಾಳಿ ಹಚ್ಚಿ ನಿಂತಿರುವಾಗ.

ಅವತ್ತೇ ರಾತ್ರಿ ದೂರು ಬರೆದು ಕಳಿಸಿದೆ. ಮರುದಿನ ಅದು ಪಟ್ಟಿ ಸೇರಿತ್ತು. ಜೊತೆಗೊಂದು ಉತ್ತರ: ಯಾವ ಬದಲಾವಣೆಯಿಂದ ಕೆಟ್ಟಿತು ಎಂದು ಬೈಸೆಕ್ಟ್ ಮಾಡಿ ಹೇಳುತ್ತೀರಾ?

ಹೊಲದ ಪೈಪ್‌ಲೈನಿನ ಕೊನೆಗೆ ನೀರು ಬರದಿದ್ದರೆ ಏನು ಮಾಡುತ್ತೀರಿ? ನಡುವಿನ ಜಾಯಿಂಟ್ ಬಿಚ್ಚಿ ನೋಡುತ್ತೀರಿ. ಅಲ್ಲಿ ನೀರಿದ್ದರೆ ತೂತು ಮುಂದಿದೆ, ಇಲ್ಲದಿದ್ದರೆ ಹಿಂದೆ. ಬೈಸೆಕ್ಟ್ ಕೂಡ ಅಷ್ಟೇ. ಆ ಸಲ ಬದಲಾವಣೆಗಳು ಸುಮಾರು 12 ಸಾವಿರ; ನಡುವಿನದನ್ನು ಹಿಡಿದು ಕರ್ನಲ್ ಕಟ್ಟಬೇಕು, ಮುಚ್ಚಿ ತೆಗೆದು ನೋಡಬೇಕು, ಅರ್ಧ ಬಿಡಬೇಕು. ಹದಿನಾಲ್ಕನೇ ಸಲಕ್ಕೆ ಒಂದೇ ಉಳಿಯುತ್ತದೆ. ಕಾಗದದ ಮೇಲೆ ಸುಲಭ. ನನ್ನ ಮಷಿನ್‌ಗೆ ಒಂದು ಸಲ ಕಟ್ಟಲು ಮುಕ್ಕಾಲು ತಾಸು. ನಡುವೆ ಕರೆಂಟ್ ಹೋಗುವುದು ಬೇರೆ.

ಶನಿವಾರ ಬೆಳಿಗ್ಗೆ ಕೂತವನು ಭಾನುವಾರ ಮಧ್ಯಾಹ್ನ ಒಂದು ಬದಲಾವಣೆ ಹಿಡಿದೆ. ನೋಡಿದರೆ ಅದು ಸೌಂಡ್‌ಗೆ ಸಂಬಂಧಿಸಿದ್ದು! ವೈಫೈಗೂ ಅದಕ್ಕೂ ಏನು ನಂಟು? ಅದನ್ನು ತೆಗೆದುಹಾಕಿ ನೋಡಿದೆ, ವೈಫೈ ಆಗಲೂ ಬರಲಿಲ್ಲ. ಆಮೇಲೆ ತಿಳೀತು, ಈ ದೋಷ ಪ್ರತಿ ಸಲ ಕಾಣಿಸುತ್ತಿರಲಿಲ್ಲ. ನಾಲ್ಕಕ್ಕೊಂದು ಸಲ ವೈಫೈ ತಾನಾಗಿ ಬರುತ್ತಿತ್ತು. ಎಲ್ಲೋ ನಡುವೆ ಒಂದೇ ಸಲ ಮುಚ್ಚಿ ತೆಗೆದು ‘ಸರಿ ಇದೆ’ ಅಂತ ಬರೆದಿದ್ದೆ. ಅಲ್ಲಿಂದ ಮುಂದಿನ ಹುಡುಕಾಟವೆಲ್ಲ ದಾರಿ ತಪ್ಪಿತ್ತು.

ಮತ್ತೆ ಮೊದಲಿಂದ. ಈ ಸಲ ಪ್ರತಿ ಹಂತಕ್ಕೂ ಹತ್ತು ಸಲ ಮುಚ್ಚಿ ತೆಗೆದೆ. ಅವ್ವ ಬಂದು, “ಅದರ ಕೀಲು ಮುರೀತೈತಿ ನೋಡ” ಅಂದಳು. ಬುಧವಾರ ರಾತ್ರಿ ಸಿಕ್ಕಿತು: ವೈಫೈ ಡ್ರೈವರ್‌ನಲ್ಲಿ, ಬ್ಯಾಟರಿ ಉಳಿಸಲು ಯಾರೋ ಒಳ್ಳೇ ಮನಸ್ಸಿನಿಂದಲೇ ಮಾಡಿದ್ದ ಬದಲಾವಣೆ.

ಬರೆದ ಡೆವಲಪರ್ ಮರುದಿನವೇ ಉತ್ತರಿಸಿದರು, ಲಾಗ್ ಕೇಳಿದರು, ವಾರದೊಳಗೆ ಪ್ಯಾಚ್ ಕಳಿಸಿದರು. ನನ್ನ ಮಷಿನ್‌ನಲ್ಲಿ ಸರಿಹೋಯಿತು. ಆದರೆ ಬೇರೆ ಕಾರ್ಡ್‌ಗಳಿಗೆ ಅದರಿಂದ ತೊಂದರೆ ಆದೀತೇ ಅಂತ ಪರಿಶೀಲನೆ ನಡೆದಿರುವಾಗಲೇ ಭಾನುವಾರ ಬಂತು, ಕರ್ನಲ್ ಬಿಡುಗಡೆ ಆಯಿತು. ಪಟ್ಟಿಯಲ್ಲಿ ನನ್ನ ಸಾಲು ಹಾಗೇ ಉಳಿಯಿತು. ಆ ಬದಲಾವಣೆಯನ್ನು ಸದ್ಯಕ್ಕೆ ವಾಪಸ್ ತಗೋಬೇಕಿತ್ತು ಅಂತಲೇ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಆರ್‌ಸಿ1ಕ್ಕೇ ಬಾಯಿ ಬಿಟ್ಟಿದ್ದರೆ ಆ ಮಾತೇ ಬರುತ್ತಿರಲಿಲ್ಲ.

ಕಾಕಾನ ಲ್ಯಾಪ್‌ಟಾಪ್‌ಗೆ ಅಪ್‌ಡೇಟ್ ಬರದ ಹಾಗೆ ತಡೆದಿಟ್ಟೆ. “ಇದನ್ನ ಒತ್ತಬ್ಯಾಡ್ರಿ ಕಾಕಾ, ನಾ ಹೇಳೂತನ” ಅಂದೆ. ವಿಮೆಯ ಗದ್ದಲ ಮುಗಿಯುವ ತನಕ ಅವರಿಗೇನೂ ತೊಂದರೆ ಆಗಲಿಲ್ಲ. ಉಳಿದವರಿಗೆ ಹಾಗೆ ತಡೆಯಲು ಯಾರಿದ್ದರು? ಬಿಡುಗಡೆಯಾದ ವಾರದಲ್ಲೇ ‘ನನಗೂ ಹಾಗೇ’ ಅಂತ ಮೂವರು ಬರೆದರು. ಅವರು ಆರ್‌ಸಿ ಓಡಿಸಿದವರಲ್ಲ, ಸುಮ್ಮನೆ ಅಪ್‌ಡೇಟ್ ಒತ್ತಿದವರು. ಒಬ್ಬರಂತೂ ತಮ್ಮ ರೂಟರೇ ಕೆಟ್ಟಿದೆ ಅಂದುಕೊಂಡು ಹೊಸದು ಕೊಂಡಿದ್ದರು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಎರಡನೇ ಸಣ್ಣ ಅಪ್‌ಡೇಟ್‌ನಲ್ಲಿ ತಿದ್ದುಪಡಿ ಬಂತು, ಪಟ್ಟಿಯಿಂದ ಸಾಲು ಹೋಯಿತು.

ಮೊನ್ನೆ ಭಾನುವಾರ ಮತ್ತೊಂದು ಆರ್‌ಸಿ1 ಬಂದಿದೆ. ರಾತ್ರಿ ಊಟ ಮುಗಿಸಿ ಹಾಕಿದೆ, ಹತ್ತು ಸಲ ಮುಚ್ಚಿ ತೆಗೆದೆ. ಹತ್ತೂ ಸಲ ವೈಫೈ ಬಂತು. ಒಂಬತ್ತನೇ ಸಲ ಮಾತ್ರ ಪರದೆಯ ಬೆಳಕು ಮಂದವಾಗಿಯೇ ಉಳಿಯಿತು. ಇನ್ನೂ ಇಪ್ಪತ್ತು ಸಲ ಮುಚ್ಚಿ ತೆಗೆದೆ, ಮತ್ತೆರಡು ಸಲ ಹಾಗೇ ಆಯಿತು. ಅವತ್ತೇ ಬರೆದು ಕಳಿಸಿ ಮಲಗಿದೆ.