ಮಳೆಗೆ ಬೇಡಿಕೊಂಡೋರು ಪಂಪ್‌ಸೆಟ್ ಮಾರಲ್ಲ

ಮೊನ್ನೆ ಸಂಜೆ ನಮ್ಮನೇಲಿ ತೇರ್ಸ್ ಮುಗಿಸಿ ಎಲ್ಲರೂ ಕಾಫಿ ಕುಡಿತಾ ಕೂತಿದ್ವಿ. ಪಕ್ಕದ ತೋಟದ ಬಾಯಿ ಒಬ್ಬರು ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿದ್ರು: "ಅಕ್ಕ, ನಾನು ಶುಗರ್ ಮಾತ್ರೆ ಬಿಟ್ಟಿದೀನಿ. ದೇವರ ಹತ್ರ ಕೇಳ್ಕೊಂಡ ಮೇಲೂ ಮಾತ್ರೆ ನುಂಗಿದ್ರೆ ನಂಬಿಕೆ ಇಲ್ಲ ಅಂದಂಗೆ ಆಗಲ್ವಾ?"

ನಂಗೆ ಎದೆ ಧಸಕ್ ಅಂತು. ಯಾಕಂದ್ರೆ ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ. ಪ್ರಾರ್ಥನೆಗೆ ಹೋದಲ್ಲಿ ಯಾರೋ ಹೇಳಿದ್ರು, ಗುಣ ಆಗಿದೆ ಅಂತ ನಂಬಿ ನಡೀಬೇಕು ಅಂತ. ಮಾತ್ರೆ ಡಬ್ಬಿನ ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟೆ. ಮನೆಯವರಿಗೂ ಹೇಳಲಿಲ್ಲ. ಆ ಮಳೆಗಾಲದಲ್ಲಿ ಬೆರಳ ಸಂದಿಗೆ ಇಂಬಳ ಕಚ್ಚಿತ್ತು. ಮಲೆನಾಡಲ್ಲಿ ಇಂಬಳ ಕಚ್ಚದು ಯಾವ ದೊಡ್ಡ ವಿಷಯ ಮಾರಾಯ್ತಿ! ಆದ್ರೆ ಆ ಗಾಯ ಮಾಯಲಿಲ್ಲ. ಕೊನೆಗೆ ಎಡಗಾಲಿನ ಒಂದು ಬೆರಳು ತೆಗೆಸಬೇಕಾಯ್ತು. ಶೂಸ್ ಒಳಗೆ ಹತ್ತಿ ತುಂಬ್ಕೊಂಡು ಓಡಾಡ್ತೀನಿ ಅನ್ನದು ನಿಮಗೆಲ್ಲ ಗೊತ್ತು. ಯಾಕೆ ಹಂಗಾಯ್ತು ಅನ್ನದನ್ನ ಮಾತ್ರ ಇವತ್ತೇ ಹೇಳ್ತಿರದು.

ಪ್ರಾರ್ಥನೆ ಬಿಡಿ ಅಂತ ನಾನು ಹೇಳ್ತಿಲ್ಲ. ನಾನೂ ಬಿಟ್ಟಿಲ್ಲ. ನಂಬಿ ನಡೆಯದು ಅಂದ್ರೆ ಏನು ಅನ್ನದೇ ನನ್ನ ಪ್ರಶ್ನೆ.

ನಮ್ಮ ತೋಟಾನೇ ನೋಡಿ. ಫೆಬ್ರವರಿ ಮಾರ್ಚಲ್ಲಿ ರೊಬಸ್ಟ ಮೊಗ್ಗು ಕಟ್ಕೊಂಡು ಹೂಮಳೆಗೆ ಕಾಯ್ತಾ ಇರ್ತದೆ. ಒಂದು ಇಂಚು ಮಳೆ ಸರಿಯಾಗಿ ಬಿದ್ರೆ ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗ್ತದೆ. ಅರೆಬರೆ ಹನಿ ಬಿದ್ರೆ ಮೊಗ್ಗು ಕೆಡ್ತದೆ. ಆ ಮಳೆಗಾಗಿ ಇಗರ್ಜಿಲಿ ನಾವೆಲ್ಲ ಬೇಡ್ಕೋತೀವಿ. ಹಂಗಂತ ಮನೆಯವರು ಸುಮ್ನೆ ಕೂರ್ತಾರಾ? ಕೆರೆ ಹೂಳು ತೆಗೆಸ್ತಾರೆ, ಪೈಪ್ ಜೋಡಿಸ್ತಾರೆ. ಮಳೆ ತಡ ಆದ್ರೆ ರಾತ್ರಿಯೆಲ್ಲ ಎದ್ದು ಸ್ಪ್ರಿಂಕ್ಲರ್ ಬಿಡ್ತಾರೆ. ಅದನ್ನ ಯಾರಾದ್ರೂ ಅಪನಂಬಿಕೆ ಅಂದಿದ್ದು ಕೇಳಿದೀರಾ? ಮಳೆ ಬಂದೇ ಬರ್ತದೆ ಅಂತ ಪಂಪ್‌ಸೆಟ್ ಮಾರಿದೋರನ್ನ ನಂಬಿಕಸ್ಥ ಅಂತ ಯಾರೂ ಹೊಗಳಲ್ಲ. ತೋಟಕ್ಕೆ ಒಂದು ನ್ಯಾಯ, ಹೆಂಗಸರ ಮೈಗೆ ಒಂದು ನ್ಯಾಯ ಯಾಕೆ?

ಬಾಯಿ ಬಿಡಲಿಲ್ಲ. "ಯೊರ್ದಾನ್ ಹೊಳೆ ತುಂಬಿ ಹರೀತಿದ್ದಾಗ ಯಾಜಕರು ಕಾಲಿಟ್ಟ ಮೇಲೆ ತಾನೆ ನೀರು ನಿಂತಿದ್ದು?" ಅಂದ್ರು. ಹೌದು. ಆದ್ರೆ ಅವರಿಗೆ ಕಾಲಿಡಿ ಅಂತ ಅಪ್ಪಣೆ ಆಗಿತ್ತು. ನಮ್ಮ ಮನಸ್ಸಿನ ಆಸೆನೇ ದೇವರ ಅಪ್ಪಣೆ ಅಂದ್ಕೊಂಡ್ರೆ ಹೆಂಗೆ? ನಂಗೆ ಅಪ್ಪಣೆ ಆಗಿರಲಿಲ್ಲ. ಮಾತ್ರೆ ಸಾಕಾಗಿತ್ತು, ಅಷ್ಟೆ.

ಎಲೀಯನ ಕತೆನೂ ನೆನಪು ಮಾಡ್ಕೊಳ್ಳಿ. ಬರಗಾಲದಲ್ಲಿ ಕಾರ್ಮೆಲ್ ಬೆಟ್ಟದ ಮೇಲೆ ಮಳೆಗಾಗಿ ತಲೆ ಬಗ್ಗಿಸಿ ಕೂತಿದ್ದ. ಸೇವಕನನ್ನ ಸಮುದ್ರದ ಕಡೆ ನೋಡ್ಕೊಂಡು ಬಾ ಅಂತ ಒಂದಲ್ಲ, ಏಳು ಸಲ ಕಳಿಸಿದ. ಆರು ಸಲ ಏನೂ ಇಲ್ಲ ಅನ್ನೋ ಉತ್ತರ ಬಂದಾಗ, ಮೋಡ ಬಂದಿದೆ ಅಂತ ಸುಳ್ಳು ಹೇಳು ಅನ್ನಲಿಲ್ಲ. ಏಳನೇ ಸಲ ಅಂಗೈಯಷ್ಟು ಮೋಡ ಕಾಣಿಸಿದ ಮೇಲೆ, ರಥ ಕಟ್ಟಿಸು ಅಂತ ರಾಜನಿಗೆ ಹೇಳಿ ಕಳಿಸಿದ. ಬೇಡ್ಕೊಂಡ, ನೋಡಿಸಿದ, ಆಮೇಲೆ ಹೊರಟ. ನೋಡದು ಅಪನಂಬಿಕೆ ಅಲ್ಲ. ಖಾಲಿ ಹೊಟ್ಟೆಲಿ ರಕ್ತ ಕೊಟ್ಟು ರಿಪೋರ್ಟ್ ನೋಡದೂ ಸಮುದ್ರದ ಕಡೆ ನೋಡಿದಂಗೇ.

ನಾವು ಇಷ್ಟು ಭಕ್ತಿಯಿಂದ ಹೆಸರು ಹೇಳೋ ಲೂರ್ದಿನಲ್ಲೂ ಹಂಗೇ. ಗುಣ ಆಯ್ತು ಅಂತ ಬಂದೋರನ್ನ ಪರೀಕ್ಷೆ ಮಾಡಕ್ಕೆ ಅಲ್ಲಿ 1883ರಿಂದ ವೈದ್ಯರ ಕಚೇರಿನೇ ಇದೆ. ಅಲ್ಲೇ ಪರೀಕ್ಷೆ ಮಾಡಿ ನೋಡ್ತಾರೆ ಅಂದ್ರೆ, ನಾವು ಅಕ್ಕಿ ಡ್ರಮ್ಮಿನ ಹಿಂದೆ ಯಾಕೆ ಬಚ್ಚಿಡಬೇಕು?

ನನ್ನ ಪ್ರಾರ್ಥನೆಗೆ ಇನ್ನೂ ಉತ್ತರ ಬಂದಿಲ್ಲ. ಬರ್ತದೋ ಇಲ್ವೋ, ಈ ಜನ್ಮದಲ್ಲೇ ಬರ್ತದೋ, ನಂಗೆ ಗೊತ್ತಿಲ್ಲ. ಕಾಯದು ಕಷ್ಟ. ಕೆಲವು ದಿನ ಸಿಟ್ಟೂ ಬರ್ತದೆ. ಆದ್ರೂ ಬೆಳಿಗ್ಗೆ ಎದ್ದು ಶಿಲುಬೆ ಗುರುತು ಹಾಕಿ ಮಾತ್ರೆ ನುಂಗ್ತೀನಿ, ಪಾದ ತಿರುಗಿಸಿ ಗಾಯ ಇದೆಯಾ ಅಂತ ನೋಡ್ತೀನಿ, ಗಂಜಿ ಅಳತೆಲಿ ಉಣ್ತೀನಿ. ದೇವರು ಕೊಟ್ಟ ಮೈನ ಜೋಪಾನ ಮಾಡಿ ಇಟ್ಕೊಳ್ಳದೇ ನನ್ನ ಪಾಲಿಗೆ ನಂಬಿ ನಡೆಯದು. ಯಾರಾದ್ರೂ ಮಾತ್ರೆ ಬಿಡು ಅಂದ್ರೆ, ಅವರ ಹತ್ರ ವಾದ ಮಾಡಲ್ಲ, ಕಾಲು ತೋರಿಸ್ತೀನಿ.

ಬಾಯಿ ಅವತ್ತು ಏನೂ ಹೇಳದೆ ಎದ್ದು ಹೋದ್ರು. ನಿನ್ನೆ ಫೋನ್ ಮಾಡಿ, "ಅಕ್ಕ, ಲ್ಯಾಬ್ ಎಷ್ಟು ಗಂಟೆಗೆ ತೆಗೀತದೆ?" ಅಂತ ಕೇಳಿದ್ರು. ಶನಿವಾರ ಬೆಳಿಗ್ಗೆ ಏನೂ ತಿನ್ನದೆ ಇಬ್ಬರೂ ಮೂಡಿಗೆರೆಗೆ ಹೋಗ್ತಿದೀವಿ. ಜೀಪಲ್ಲಿ ಇನ್ನೂ ಮೂರು ಜನಕ್ಕೆ ಜಾಗ ಇದೆ. ದಾರೀಲಿ ತೇರ್ಸ್ ಹೇಳ್ಕೊಂಡು ಹೋಗನ. ಯಾರ್ ಯಾರು ಬರ್ತೀರಿ?