ಮನೆವಾರ್ತೆ: ಸದ್ದಿಲ್ಲದೆ ದುಡಿಯುವ ಚಿತ್ರಭಂಡಾರ

ಮನೆಯಲ್ಲಿರುವ ಡಿ.ವಿ.ಡಿ.ಗಳು, ಮದುವೆ-ಲಿಂಗದೀಕ್ಷೆಗಳ ವಿಡಿಯೋಗಳು, ಗುರುಗಳ ಪ್ರವಚನದ ಧ್ವನಿಮುದ್ರಣಗಳು ಇವೆಲ್ಲವನ್ನೂ ಒಂದೆಡೆ ಕೂಡಿಸಿಟ್ಟು, ಮನೆಯ ಯಾವ ಟಿ.ವಿ.ಯಲ್ಲಾದರೂ ಯಾವಾಗ ಬೇಕಾದರೂ ನೋಡುವಂತೆ ಮಾಡುವ ಪುಟ್ಟ ಕಂಪ್ಯೂಟರಿಗೆ ಮೀಡಿಯಾ ಸರ್ವರ್ ಎಂದು ಹೆಸರು. ಹಗಲಿರುಳೂ ಚಾಲೂ ಇರಬೇಕಾದ ಯಂತ್ರವಿದು. ಇಂತಹುದೊಂದನ್ನು ಮನೆಗೆ ತರಬೇಕೆನ್ನುವ ಕುಟುಂಬಗಳು ಹೆಚ್ಚುತ್ತಿರುವುದರಿಂದ ಈ ತಿಂಗಳು ಅದರ ಆಯ್ಕೆಯ ಕುರಿತು ನಾಲ್ಕು ಮಾತುಗಳನ್ನು ಆಡಬಯಸುತ್ತೇವೆ.

ದುಡ್ಡು ಕೊಟ್ಟರೆ ಇಂಟರ್‌ನೆಟ್ಟಿನಲ್ಲಿಯೇ ಸಾವಿರ ಚಿತ್ರಗಳು ದೊರೆಯುವಾಗ ಇದೇಕೆ ಎಂದು ಕೇಳುವವರುಂಟು. ಅಲ್ಲಿಯ ಚಿತ್ರಗಳು ಒಪ್ಪಂದ ಇರುವವರೆಗೆ ಮಾತ್ರ. ಇಂದಿದ್ದುದು ನಾಳೆ ಇರಲಾರದು. ಹೊನ್ನಪ್ಪ ಭಾಗವತರು ಬಸವಣ್ಣನವರಾಗಿಯೂ ರಾಜಕುಮಾರರು ಬಿಜ್ಜಳನಾಗಿಯೂ ಅಭಿನಯಿಸಿದ 1959ರ ‘ಜಗಜ್ಯೋತಿ ಬಸವೇಶ್ವರ’ದಂತಹ ಚಿತ್ರದ ಡಿಸ್ಕು ಮನೆಯಲ್ಲಿದ್ದರೆ ಅದನ್ನು ಕಾಪಾಡಿಕೊಳ್ಳುವುದೇ ಲೇಸು. ಮನೆಯ ಸ್ವಂತ ಮುದ್ರಣಗಳಂತೂ ಬೇರೆಲ್ಲಿಯೂ ಸಿಗುವಂತಹುವಲ್ಲ. ವಿ.ಸಿ.ಆರ್. ತಯಾರಿಸುತ್ತಿದ್ದ ಕಡೆಯ ಕಂಪನಿಯೆಂದು ಹೆಸರಾದ ಜಪಾನಿನ ಫುನಾಯ್ 2016ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಬೀರುವಿನಲ್ಲಿರುವ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯುವ ಮುನ್ನ ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಅಗತ್ಯ. ಅನ್ಯರ ದುಡಿಮೆಯನ್ನು ಕದ್ದು ಇಳಿಸಿಕೊಂಡ ಚಿತ್ರಗಳ ಮಾತನ್ನು ನಾವಿಲ್ಲಿ ಎತ್ತುವುದಿಲ್ಲ; ಕಾಯಕವನ್ನು ನಂಬಿದ ಮನೆಗೆ ಅದು ಸಲ್ಲದು.

ಇನ್ನು ಸದ್ದಿನ ವಿಚಾರ. ನಸುಕಿನಲ್ಲಿ ಇಷ್ಟಲಿಂಗ ಪೂಜೆಗೆ ಕುಳಿತವರಿಗೆ ಪಕ್ಕದ ಕೋಣೆಯ ಫ್ಯಾನಿನ ಗುಂಯ್‌ಗುಡುವಿಕೆಯೂ ದೊಡ್ಡದಾಗಿಯೇ ಕೇಳುತ್ತದೆ. ನಿದ್ರೆ ಕಡಿಮೆಯಾದ ಹಿರಿಯರ ಪಾಡು ಹೇಳಬೇಕಿಲ್ಲ. ಯಂತ್ರದಲ್ಲಿ ಸದ್ದು ಹುಟ್ಟುವ ಸ್ಥಾನಗಳು ಎರಡೇ: ಬಿಸಿಯನ್ನು ಹೊರಹಾಕುವ ಫ್ಯಾನು ಮತ್ತು ತಿರುಗುವ ಹಾರ್ಡ್‌ಡಿಸ್ಕು. ಹಾರ್ಡ್‌ಡಿಸ್ಕು ನಿಮಿಷಕ್ಕೆ 5,400 ಇಲ್ಲವೆ 7,200 ಸುತ್ತು ತಿರುಗುವುದರಿಂದ ಅದರ ನಡುಕ ಮರದ ಕಪಾಟಿಗೆ ಹತ್ತಿ, ಕಪಾಟೇ ಮದ್ದಳೆಯಾಗುತ್ತದೆ. ಅಡಿಯಲ್ಲಿ ದಪ್ಪನೆಯ ರಬ್ಬರ್ ತುಂಡುಗಳನ್ನಿಟ್ಟರೆ ಅರ್ಧ ಗೋಳು ತಪ್ಪಿತು. ಎಸ್.ಎಸ್.ಡಿ.ಯಲ್ಲಿ ತಿರುಗುವ ಭಾಗವೇ ಇಲ್ಲ, ಆದುದರಿಂದ ಸದ್ದೂ ಇಲ್ಲ. ಆದರೆ ಅಷ್ಟೇ ಜಾಗಕ್ಕೆ ಬೆಲೆ ಹೆಚ್ಚು.

ಎಷ್ಟು ಜಾಗ ಬೇಕು? ಅಂಗಡಿಯವರು ಹೇಳುವಷ್ಟು ಬೇಡ. ಒಂದು ಡಿ.ವಿ.ಡಿ. ಹಿಡಿಯುವುದು 4.7 ಜಿಬಿ, ಎರಡು ಪದರದ್ದಾದರೆ 8.5. ಸರಾಸರಿ 6 ಜಿಬಿ ಎಂದುಕೊಂಡರೂ 200 ಚಿತ್ರಗಳಿಗೆ 1,200 ಜಿಬಿ, ಅಂದರೆ 2 ಟಿಬಿಯೊಳಗೇ ಆಯಿತು. ಪ್ರವಚನದ ಎಂಪಿ3 ಗಂಟೆಗೆ 60 ಎಂಬಿಯಷ್ಟು ಮಾತ್ರ. 2023ರ ಜನವರಿ 2ರಂದು ಲಿಂಗೈಕ್ಯರಾದ ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿಯವರ ತಿಂಗಳ ಪ್ರವಚನಮಾಲೆಯೊಂದನ್ನು ದಿನಕ್ಕೊಂದು ಗಂಟೆಯಂತೆ ಯಾರಾದರೂ ಮುದ್ರಿಸಿಟ್ಟುಕೊಂಡಿದ್ದರೆ ಅದು 2 ಜಿಬಿಯನ್ನೂ ತುಂಬಲಾರದು.

ಯಂತ್ರದ ಆಯ್ಕೆಯಲ್ಲಿ ಬಹುತೇಕರು ಶಕ್ತಿಯನ್ನೇ ನೋಡುತ್ತಾರೆ. ನಮ್ಮ ಅಭಿಪ್ರಾಯ ಇದಕ್ಕೆ ವಿರುದ್ಧ. ಸರ್ವರ್ ಮಾಡುವ ಕೆಲಸ ಎರಡು ಬಗೆಯದು. ಕಡತವನ್ನು ಇದ್ದ ಹಾಗೆಯೇ ಟಿ.ವಿ.ಗೆ ಕಳುಹಿಸುವುದು ಒಂದು, ಟಿ.ವಿ.ಗೆ ಅರ್ಥವಾಗದ ಕಡತವನ್ನು ನಡೆಯುವಾಗಲೇ ಬೇರೊಂದು ರೂಪಕ್ಕೆ ತಿರುಗಿಸಿ ಕಳುಹಿಸುವುದು ಇನ್ನೊಂದು. ಮೊದಲನೆಯದಕ್ಕೆ ಬೇಕಾಗುವ ಶ್ರಮ ಅತ್ಯಲ್ಪ. ಎರಡನೆಯದು ಯಂತ್ರವನ್ನು ಬೆವರಿಳಿಸುತ್ತದೆ. ಆಗಲೇ ಫ್ಯಾನು ಕೂಗತೊಡಗುವುದು. ಚಿತ್ರಗಳನ್ನು ಇಳಿಸಿಕೊಳ್ಳುವಾಗಲೇ ಎಲ್ಲ ಟಿ.ವಿ.ಗಳೂ ಒಪ್ಪುವ ಎಚ್.264 ರೂಪದಲ್ಲಿ, ಎ.ಎ.ಸಿ. ಧ್ವನಿಯೊಡನೆ ಸಿದ್ಧಪಡಿಸಿಟ್ಟರೆ ಮುಂದೆ ತಿರುಗಿಸುವ ಪ್ರಮೇಯವೇ ಬಾರದು. ಒಂದು ಬೇಸಿಗೆ ರಜೆಯಲ್ಲಿ ಮಕ್ಕಳು ಇದನ್ನು ಮಾಡಿ ಮುಗಿಸಬಲ್ಲರು.

ಹೀಗೆ ಸಿದ್ಧವಾದ ಸಂಗ್ರಹಕ್ಕೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರೂ ಸಾಕಾಗುತ್ತದೆ. ಆದರೆ 2023ರಲ್ಲಿ ಬಂದ ಪೈ 5ರಲ್ಲಿ ಎಚ್.264 ರೂಪಕ್ಕೆ ತಿರುಗಿಸುವ ಪ್ರತ್ಯೇಕ ಸೌಲಭ್ಯವಿಲ್ಲವೆಂಬುದನ್ನು ತಿಳಿದಿರಬೇಕು. ಬಗೆಬಗೆಯ ಕಡತಗಳು ಬೆರೆತಿರುವ ಮನೆಗೆ ಇಂಟೆಲ್ ಎನ್100 ಚಿಪ್ಪಿನ ಮಿನಿ ಪಿ.ಸಿ. ಹೆಚ್ಚು ಹೊಂದುತ್ತದೆ. ಅದರ ಚಿಪ್ಪಿಗೆ ನಿಗದಿಯಾದ ಶಕ್ತಿ 6 ವ್ಯಾಟ್. ಚಿತ್ರಗಳನ್ನು ತಿರುಗಿಸುವ ಅಂಗವೂ ಅದರಲ್ಲಿ ಅಡಕವಾಗಿದೆ.

ಮೂಲೆಗೆ ಸೇರಿದ ಹಳೆಯ ಕಂಪ್ಯೂಟರನ್ನೇ ಬಳಸಿದರಾಗದೇ ಎಂದರೆ, ಲೆಕ್ಕ ಹಾಕಿ ನೋಡಬೇಕು. ಅದು 60 ವ್ಯಾಟ್ ಎಳೆದರೆ ತಿಂಗಳಿಗೆ 43 ಯೂನಿಟ್ಟು. 10 ವ್ಯಾಟಿನ ಪುಟ್ಟ ಪೆಟ್ಟಿಗೆಗೆ 7 ಯೂನಿಟ್ಟು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ ಫಲ ಪಡೆಯುವ ಮನೆಗಳಿಗೆ ಇದು ಸಣ್ಣ ಮಾತಲ್ಲ. ಆ ಯೋಜನೆಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ತೆರಬೇಕಾಗುತ್ತದೆ. ಪುಕ್ಕಟೆ ಎಂದು ತಂದು ಕೂಡಿಸಿದ ಯಂತ್ರ ಹೀಗೆ ಮನೆಯ ಲೆಕ್ಕವನ್ನು ತಲೆಕೆಳಗು ಮಾಡಬಲ್ಲುದು.

ಫ್ಯಾನೇ ಇಲ್ಲದ ಪೆಟ್ಟಿಗೆಯನ್ನು ಎಲ್ಲರೂ ಹೊಗಳುತ್ತಾರೆ. ಬೆಂಗಳೂರಿಗೆ ಅದು ಸರಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಅದು ತನ್ನ ಬಿಸಿಗೆ ತಾನೇ ಬಳಲಿ ನಿಧಾನವಾಗುತ್ತದೆ. ಅಲ್ಲಿ ದೊಡ್ಡ ರೆಕ್ಕೆಯ, ನಿಧಾನವಾಗಿ ತಿರುಗುವ ಫ್ಯಾನಿರುವ ಪೆಟ್ಟಿಗೆಯೇ ಉತ್ತಮ. ಚಿಕ್ಕ ಫ್ಯಾನು ಅಷ್ಟೇ ಗಾಳಿಗೆ ಹೆಚ್ಚು ವೇಗವಾಗಿ ತಿರುಗಿ ಕೀರಲು ಸದ್ದು ಮಾಡುತ್ತದೆ. ಮುಚ್ಚಿದ ಬೀರುವಿನಲ್ಲಾಗಲಿ, ಹಿಟ್ಟಿನ ಧೂಳು ಏಳುವ ಅಡುಗೆಮನೆಯ ಬಳಿಯಲ್ಲಾಗಲಿ ಇಡಲಾಗದು. ವಿಭೂತಿಯ ಪುಡಿಯೂ ಧೂಪದ ಹೊಗೆಯೂ ಯಂತ್ರಕ್ಕೆ ಆಗಿಬಾರದವು; ಆದುದರಿಂದ ಪೂಜಾಕೋಣೆಯ ಪಕ್ಕವೂ ಬೇಡ. ಪಡಸಾಲೆಯ ಟಿ.ವಿ.ಯ ಹಿಂದೆ, ಗಾಳಿಯಾಡುವಲ್ಲಿ ಇಟ್ಟು, ತಂತಿಯ ಮೂಲಕವೇ ಜೋಡಿಸುವುದು ಒಳಿತು. ಡಿ.ವಿ.ಡಿ. ಚಿತ್ರಕ್ಕೆ ಸೆಕೆಂಡಿಗೆ ಹೆಚ್ಚೆಂದರೆ 10 ಮೆಗಾಬಿಟ್ ಬೇಕು. ಸಾಧಾರಣ ಕೇಬಲ್ಲಿನ ಶಕ್ತಿಯೇ 100.

ಕರೆಂಟು ಹಠಾತ್ತನೆ ಹೋದಾಗ ಬರೆಯುತ್ತಿದ್ದ ಕಡತ ಕೆಡುವ ಭಯವಿದೆ. ಮನೆಯ ಇನ್ವರ್ಟರಿನಲ್ಲಿ ಯು.ಪಿ.ಎಸ್. ಎಂಬ ಸ್ವಿಚ್ಚಿದ್ದರೆ ಅದನ್ನೇ ಒತ್ತಿಡಬೇಕು. ಸಾಧಾರಣ ಸ್ಥಿತಿಯಲ್ಲಿ ಅದು ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ಆರಿ ಹೋಗಬಹುದು.

ಸಾಫ್ಟ್‌ವೇರಿನಲ್ಲಿ ಜೆಲ್ಲಿಫಿನ್ ಮತ್ತು ಪ್ಲೆಕ್ಸ್ ಹೆಸರಾದವು. ಪ್ಲೆಕ್ಸ್ ಅಂದವಾದುದೇ, ಆದರೆ 2025ರ ಏಪ್ರಿಲ್ ಕೊನೆಯಿಂದ ಮನೆಯ ಹೊರಗೆ ಕುಳಿತು ನಮ್ಮದೇ ವಿಡಿಯೋ ನೋಡಲು ಶುಲ್ಕ ಕೇಳುತ್ತಿದೆ. 2018ರಲ್ಲಿ ಆರಂಭವಾದ ಜೆಲ್ಲಿಫಿನ್ ಪೂರ್ಣ ಉಚಿತ. ಹಲವರು ಕೂಡಿ ಮಾಡಿ ಎಲ್ಲರಿಗೂ ಹಂಚಿದ ಅದರಲ್ಲಿ ದಾಸೋಹದ ಗುಣವನ್ನು ನಾವು ಕಾಣುತ್ತೇವೆ. ಇಂಟರ್‌ನೆಟ್ ಇಲ್ಲದ ದಿನವೂ ಮನೆಯೊಳಗೆ ಅದು ನಡೆಯುತ್ತದೆ.

ಕೊನೆಯದಾಗಿ, ಎಷ್ಟೇ ಒಳ್ಳೆಯ ಡಿಸ್ಕಾದರೂ ಒಂದು ದಿನ ಕೈಕೊಡುತ್ತದೆ. ಚಿತ್ರಗಳು ಹೋದರೆ ಮತ್ತೆ ಕೊಳ್ಳಬಹುದು. ತೀರಿಕೊಂಡ ಅಜ್ಜಿಯ ದನಿ ಮತ್ತೆ ಸಿಗದು. ಸ್ವಂತ ಮುದ್ರಣಗಳ ಇನ್ನೊಂದು ಪ್ರತಿಯನ್ನು ಚಿಕ್ಕ ಡಿಸ್ಕೊಂದರಲ್ಲಿ ಮಾಡಿ ಬೇರೆ ಊರಿನಲ್ಲಿರುವ ಅಣ್ಣನ ಮನೆಗೋ ಮಗಳ ಮನೆಗೋ ಕೊಟ್ಟಿರಬೇಕು. ಬಸವ ಜಯಂತಿಗೊಮ್ಮೆ, ದೀಪಾವಳಿಗೊಮ್ಮೆ ಅವರು ಬರುವಾಗ ಅದನ್ನು ತರಿಸಿಕೊಂಡು, ಹೊಸದನ್ನು ಸೇರಿಸಿ, ಒಂದೆರಡು ಕಡತಗಳನ್ನು ನಡೆಸಿ ನೋಡಿ ಹಿಂದಿರುಗಿಸಿದರಾಯಿತು.